ಹೊಲಿಗೆ ಮಿಷನ್ನು ದೊರೆ ಕೊಟ್ಟದ್ದಲ್ಲ ಸ್ವಾಮಿ!

ಮೊನ್ನೆ ಊರಿಗೆ ಹೋದಾಗ, ಹಳೇ ಮನೆಯ ಹಂಚು ತೆಗೆಸೋ ಮೊದಲು ಅಟ್ಟ ಖಾಲಿ ಮಾಡ್ತಿದ್ವಿ. ಅಡಿಕೆ ಗೋಣಿಗಳ ಹಿಂದೆ ಒಂದು ಸಿಂಗರ್ ಹೊಲಿಗೆ ಮಿಷನ್ನು ಸಿಕ್ತು. ನಮ್ಮನೇಲಿ ಅದಕ್ಕೊಂದು ಕಥೆ ಇದೆ. ಕಾಫಿ ಎಸ್ಟೇಟಿನಲ್ಲಿ ರೈಟರಾಗಿದ್ದ ಮುತ್ತಜ್ಜನಿಗೆ, ಇಂಗ್ಲೆಂಡಿಗೆ ವಾಪಸ್ ಹೋಗುವಾಗ ದೊರೆ ಮೆಚ್ಚಿ ಕೊಟ್ಟದ್ದಂತೆ.

ದೊಡ್ಡಪ್ಪ ಬಿಲ್ಲೆ ಒರೆಸಿ '1851' ಅಂತ ಓದಿದ್ದೇ ತಡ, ಮನೆಯ ವಾಟ್ಸಾಪ್ ಗುಂಪಿನಲ್ಲಿ ಮಿಷನ್ನಿನ ಬೆಲೆ ಲಕ್ಷ ದಾಟಿತು. "ಅದರ ಸೂಜೀಲಿ ಕೆಂಪು ಪಾದರಸ ಇರುತ್ತಂತೆ" ಅಂತ ಭಾವ ಬೇರೆ. ಮಾರಾಯ್ರೆ, ಇದೇ ಗಾಳಿಸುದ್ದಿ ನಂಬಿ 2009ರಲ್ಲಿ ಸೌದಿ ಅರೇಬಿಯಾದಲ್ಲಿ ಜನ ಹಳೇ ಸಿಂಗರ್ ಮಿಷನ್ನುಗಳಿಗೆ ಸಾವಿರಗಟ್ಟಲೆ ರಿಯಾಲ್ ಸುರಿದಿದ್ರು. ಪಾದರಸ ಮಾತ್ರ ಯಾರಿಗೂ ಸಿಗಲಿಲ್ಲ :-)

ನಾನು ಹೊಟ್ಟೆಪಾಡಿಗೆ ಬಗ್ ಹುಡುಕೋನು. ಯಾರು ಏನೇ ಹೇಳಲಿ, ಮೊದಲು ಲಾಗ್ ನೋಡೋದು ಅಭ್ಯಾಸ. ಮಿಷನ್ನಿನ ಲಾಗ್ ಅದರ ಮೈಮೇಲೇ ಇದೆ.

ಬಿಲ್ಲೆಯನ್ನ ಇನ್ನಷ್ಟು ಉಜ್ಜಿದೆ. ನೀಲಿ ಅಂಚು, '1851' ಜೊತೆಗೆ '1951'. ಮೊದಲನೆಯದು ಕಂಪನಿ ಹುಟ್ಟಿದ ವರ್ಷ, ಎರಡನೆಯದು ಅದಕ್ಕೆ ನೂರು ತುಂಬಿದ ವರ್ಷ. ಅಂದ್ರೆ ಇದು ಶತಮಾನೋತ್ಸವದ ಬಿಲ್ಲೆ. ಆಮೇಲೆ ಬಲಗಡೆ, ಕಂಬದ ಬುಡದ ಹತ್ತಿರ ಸೀರಿಯಲ್ ನಂಬರ್. 1900ಕ್ಕಿಂತ ಹಿಂದಿನ ಸಿಂಗರ್‌ಗಳಲ್ಲಿ ಬರೀ ಅಂಕಿ ಇರುತ್ತೆ, ಆಮೇಲಿನವುಗಳಲ್ಲಿ ಮುಂದೆ ಅಕ್ಷರ. ನಮ್ಮದು 'ಇ'ಯಿಂದ ಶುರುವಾಗೋ ಜೋಡಿ ಅಕ್ಷರ. ಅದು 1930ರ ದಶಕದ ನಡುವಿನಿಂದ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್ ಕಾರ್ಖಾನೆಯಲ್ಲಿ ಹಾಕ್ತಿದ್ದ ಗುರುತು. ಆ ಕಾರ್ಖಾನೆ ಶುರುವಾಗಿದ್ದೇ 1880ರ ದಶಕದಲ್ಲಿ, 1851ರ ಮಿಷನ್ನು ಅಲ್ಲಿಂದ ಹೇಗೆ ಬರುತ್ತೆ? ನಂಬರುಗಳನ್ನ ಒಂದೊಂದು ಮಾಡೆಲ್ಲಿಗೆ ಕಂತೆ ಕಂತೆಯಾಗಿ ಮೀಸಲಿಡ್ತಿದ್ರು, ಹಾಗಾಗಿ ತಿಂಗಳು ಆಚೀಚೆ ಆಗಬಹುದು. ಆದ್ರೆ ಬಿಲ್ಲೆ, ನಂಬರ್ ಎರಡೂ ಸೇರಿ 1951ರ ಸುತ್ತಮುತ್ತಲೇ ಅಂತ ಹೇಳ್ತಿವೆ. ಅಪರೂಪದ ವಸ್ತುವೂ ಅಲ್ಲ. ಆ ಕಾರ್ಖಾನೆ 1913ರ ಒಂದೇ ವರ್ಷದಲ್ಲಿ 13 ಲಕ್ಷಕ್ಕೂ ಹೆಚ್ಚು ಮಿಷನ್ನು ಕಳಿಸಿತ್ತು.

ಇಲ್ಲೇ ಇರೋದು ನಿಜವಾದ ಬಗ್. ಮುತ್ತಜ್ಜ ತೀರಿಕೊಂಡದ್ದು 1943ರಲ್ಲಿ. ಸತ್ತು ಎಂಟು ವರ್ಷ ಆದವರಿಗೆ ಯಾವ ದೊರೆ ಉಡುಗೊರೆ ಕೊಟ್ಟ?

ಅಡುಗೆಮನೇಲಿದ್ದ ಅಜ್ಜಿಯನ್ನ ಕೇಳಿದೆ. "ನಮ್ಮ ಅತ್ತೆ ಕಂತು ಕಟ್ಟಿ ತಂದದ್ದು ಅಪ್ಪೀ. ನಾನು ಮದುವೆಯಾಗಿ ಬಂದಾಗಲೂ ಊರವರ ರವಿಕೆ ಹೊಲೀತಿದ್ರು. ನಾಲ್ಕು ಮಕ್ಕಳನ್ನ ಸಾಕಿದ್ದೇ ಅದರಿಂದ." ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಂದ್ರೆ, "ಯಾರು ಕೇಳಿದ್ರು?"

"ಹೋಗ್ಲಿ ಬಿಡೋ, ಚೆಂದದ ಕಥೆ, ಯಾರಿಗೇನು ನಷ್ಟ?" ಅಂದ್ರು ದೊಡ್ಡಪ್ಪ. ನಷ್ಟ ಇದೆ ದೊಡ್ಡಪ್ಪ! ಗಂಡ ಹೋದ ಮೇಲೆ ರಾತ್ರಿಯೆಲ್ಲಾ ಪೆಡಲ್ ತುಳಿದು ಈ ಮನೆಯನ್ನ ನಿಲ್ಲಿಸಿದವರ ದುಡಿಮೆಯನ್ನ ಎತ್ತಿ, ಯಾವನೋ ದೊರೆಯ ಕೈಗೆ ಕೊಟ್ಟುಬಿಟ್ವಲ್ಲ. ದೊರೆ ಕೊಟ್ಟದ್ದು ಅಂದ್ರೆ ಮನೆತನಕ್ಕೆ ಗೌರವ, ಹೆಂಗಸು ಹೊಲಿದು ಸಂಪಾದಿಸಿದ್ದು ಅಂದ್ರೆ ನಾಚಿಕೆ. ಇದ್ಯಾವ ಸೀಮೆ ಲೆಕ್ಕ?

ಮಿಷನ್ನು ಮಾರಲ್ಲ ಅಂತ ಗುಂಪಿನಲ್ಲಿ ಬರೆದಿದ್ದೀನಿ. ಒಂದಿಬ್ಬರು ಮುನಿಸಿಕೊಂಡಿದ್ದಾರೆ. ಇರಲಿ.

ನಿಮ್ಮ ಅಟ್ಟದಲ್ಲೂ ಒಂದು ಇದ್ರೆ, ಗುಜರಿಯವನನ್ನ ಕರೆಯೋ ಮೊದಲು ನಂಬರ್ ಓದಿ. ಆಮೇಲೆ ಮನೆಯ ಹಿರಿ ಹೆಂಗಸನ್ನ ಒಂದು ಮಾತು ಕೇಳಿ. ನಿಮ್ಮನೇಲಿ ಯಾರ ದುಡಿಮೆ ಯಾವ ದೊರೆಯ ಹೆಸರಲ್ಲಿದೆಯೋ, ಯಾರಿಗೆ ಗೊತ್ತು?