ನಾಲ್ಕು ಸಾಲಿನ ಸಾವು

ಬೆಂಗಳೂರಿನ ಹೊರವಲಯದ ಯಾವುದೋ ಬಡಾವಣೆಯಲ್ಲಿ ನಡುರಾತ್ರಿ ಚಿರತೆಯೊಂದು ಕಾಂಪೌಂಡು ಗೋಡೆಯ ಮಗ್ಗುಲಲ್ಲಿ ಸುಳಿದುಹೋದುದು ಕ್ಯಾಮೆರಾದ ಕಣ್ಣಿಗೆ ಬಿದ್ದಿತೆಂದರೆ ಸಾಕು, ಮರುದಿನ ಪತ್ರಿಕೆಗಳ ಮುಖಪುಟದಲ್ಲಿ ಅದರ ಭಾವಚಿತ್ರ ಅಚ್ಚಾಗುತ್ತದೆ. ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ ಆನೆಯೊಂದು ಕೂಲಿಯಾಳನ್ನು ತುಳಿದು ಕೊಂದರೆ ರಸ್ತೆ ತಡೆ ನಡೆಯುತ್ತದೆ, ಮಂತ್ರಿಗಳು ಧಾವಿಸಿ ಬರುತ್ತಾರೆ, ವಿಧಾನಸಭೆಯಲ್ಲಿ ಪ್ರಶ್ನೆಗಳೇಳುತ್ತವೆ. ಇದು ತಪ್ಪೆಂದು ನಾನು ಹೇಳಲಾರೆ. ಆದರೆ ಅದೇ ಪತ್ರಿಕೆಯ ಒಳಪುಟದಲ್ಲಿ, ಜಿಲ್ಲಾ ವಾರ್ತೆಗಳ ಅಡಿಯಲ್ಲಿ, ಮುಂಗಾರು ಹಿಡಿದಂದಿನಿಂದ ಸುಗ್ಗಿ ಮುಗಿಯುವವರೆಗೆ ತಪ್ಪದೆ ಕಾಣಿಸಿಕೊಳ್ಳುವ ಇನ್ನೊಂದು ಬಗೆಯ ವಾರ್ತೆಯುಂಟು: ಬದುವಿನ ಮೇಲೆ ಹುಲ್ಲು ಕೊಯ್ಯುತ್ತಿದ್ದ ಹೆಂಗಸೋ, ಗದ್ದೆಗೆ ನೀರು ಹಾಯಿಸಲು ಹೋದ ರೈತನೋ, ಮನೆಯ ನೆಲದ ಮೇಲೆ ಮಲಗಿದ್ದ ಮಗುವೋ ಹಾವು ಕಚ್ಚಿ ತೀರಿಕೊಂಡ ಸಂಗತಿ. ಹೆಸರು, ವಯಸ್ಸು, ಊರು, ಠಾಣೆಯಲ್ಲಿ ಪ್ರಕರಣ ದಾಖಲಾದ ವಿವರ. ನಾಲ್ಕು ಸಾಲಿನಲ್ಲಿ ಒಂದು ಆಯುಷ್ಯದ ಲೆಕ್ಕ ಮುಗಿದುಹೋಗುತ್ತದೆ.

ಈ ನಾಲ್ಕು ಸಾಲುಗಳನ್ನು ಒಂದರ ಪಕ್ಕಕ್ಕೊಂದಿಟ್ಟು ಕೂಡಿದವರಿದ್ದಾರೆ. ಮನೆಮನೆಗೆ ಹೋಗಿ ಮರಣದ ಕಾರಣವನ್ನು ವಿಚಾರಿಸಿದ ದೊಡ್ಡದೊಂದು ಸಮೀಕ್ಷೆಯನ್ನು ಆಧರಿಸಿ ತಜ್ಞರು ಕಟ್ಟಿದ ಲೆಕ್ಕದಂತೆ, 2000ದಿಂದ 2019ರವರೆಗೆ ಭಾರತದಲ್ಲಿ ಹಾವಿನ ಕಡಿತದಿಂದ ಸತ್ತವರ ಸಂಖ್ಯೆ ಸುಮಾರು 12 ಲಕ್ಷ, ಎಂದರೆ ವರ್ಷಕ್ಕೆ ಸರಾಸರಿ 58,000. ಆನೆ, ಹುಲಿ, ಚಿರತೆ, ಕರಡಿ, ಮೊಸಳೆಗಳೆಲ್ಲ ಸೇರಿ ಕೊಲ್ಲುವ ಜನರ ಸಂಖ್ಯೆ ಇದರ ಅಲ್ಪಾಂಶವೂ ಆಗುವುದಿಲ್ಲ. ಇದೇ ಸಮೀಕ್ಷೆಯ ಹಿಂದಿನ ಘಟ್ಟದಲ್ಲಿ, 2005ನೆಯ ವರ್ಷಕ್ಕೆ ಸಂಬಂಧಿಸಿದಂತೆ, ಇನ್ನೆರಡು ಸಂಗತಿಗಳು ಹೊರಬಿದ್ದಿದ್ದುವು: ಸತ್ತವರಲ್ಲಿ ನೂರಕ್ಕೆ 97 ಮಂದಿ ಹಳ್ಳಿಗರು, ನೂರಕ್ಕೆ 77 ಮಂದಿ ಪ್ರಾಣ ಬಿಟ್ಟುದು ಆಸ್ಪತ್ರೆಯ ಹೊರಗೆ. ಈ ಎರಡು ಅಂಕಿಗಳನ್ನು ಕಂಡ ಮೇಲೂ ಹಾವಿನ ಕಡಿತವನ್ನು ವಿಧಿಯೆಂದೋ ಸರ್ಪದೋಷವೆಂದೋ ಕರೆದು ಕೈತೊಳೆದುಕೊಳ್ಳುವುದು ನನಗೆ ಸಾಧ್ಯವಾಗುವುದಿಲ್ಲ. ವಿಧಿಗೆ ಹಳ್ಳಿಯ ಮೇಲೆ ಇಷ್ಟೊಂದು ವಿಶೇಷವಾದ ಹಗೆ ಇರಲು ಕಾರಣವಿಲ್ಲ.

ಗೋವೊಂದನ್ನು ಬಿಟ್ಟರೆ ನಮ್ಮ ನಾಡಿನಲ್ಲಿ ಹಾವಿನಷ್ಟು ಪೂಜೆಗೊಂಡ ಪ್ರಾಣಿ ಮತ್ತೊಂದಿರಲಾರದು. ಕುಕ್ಕೆಯ ಸುಬ್ರಹ್ಮಣ್ಯನ ಸನ್ನಿಧಿಯಲ್ಲಿ ಆಶ್ಲೇಷಾಬಲಿ, ತುಳುನಾಡಿನಲ್ಲಿ ಇರುಳೆಲ್ಲ ನಡೆಯುವ ನಾಗಮಂಡಲ, ಊರೂರಿನ ಅಶ್ವತ್ಥಕಟ್ಟೆಯ ಮೇಲೆ ಹೆಣೆದುಕೊಂಡ ಜೋಡಿ ನಾಗರಗಳ ಶಿಲೆ, ಶ್ರಾವಣ ಶುದ್ಧ ಪಂಚಮಿಯಂದು ಹುತ್ತಕ್ಕೆ ತನಿ ಎರೆಯುವ ಹೆಂಗಳೆಯರ ಸಾಲು, ಇವು ಯಾರಿಗೆ ತಿಳಿಯದು? ಕಲ್ಲಿನ ನಾಗನಿಗೂ ದಿಟದ ನಾಗನಿಗೂ ನಾವು ಮಾಡುವ ಭೇದವನ್ನು ಕುರಿತು ಬಸವಣ್ಣನವರು ಎಂಟು ಶತಮಾನಗಳ ಹಿಂದೆಯೇ ಆಡಿದ ಮಾತು ಶಾಲೆಯ ಮಕ್ಕಳಿಗೂ ಬಾಯಿಗೆ ಬರುವುದರಿಂದ, ಅದನ್ನು ನಾನಿಲ್ಲಿ ಉದಾಹರಿಸುವ ಶ್ರಮ ತೆಗೆದುಕೊಳ್ಳುವುದಿಲ್ಲ. ಪೂಜೆಯ ಮೇಲೆ ನನಗೆ ಜಗಳವೂ ಇಲ್ಲ. ಹಾವಿಗೆ ಹಾಲು ಆಹಾರವಲ್ಲವೆಂಬುದು ಸತ್ಯ. ಆದರೂ ಪಂಚಮಿಯ ದಿನ ನೇಗಿಲು ಹೂಡಬಾರದು, ನೆಲ ಅಗೆಯಬಾರದೆಂದು ಹಿರಿಯರು ವಿಧಿಸಿದ ನಿಯಮ, ಮಳೆಯಿಂದ ಬಿಲಗಳು ತುಂಬಿ ಹಾವುಗಳು ಮೇಲೆ ಬಂದು ಅಲೆಯುವ ಮಾಸದಲ್ಲಿಯೇ ಬಂದಿರುವುದನ್ನು ಕಂಡು ನಾನು ಗೌರವದಿಂದ ತಲೆದೂಗುತ್ತೇನೆ. ಕರಾವಳಿಯ ಹಳೆಯ ನಾಗಬನಗಳಲ್ಲಿ ಕೊಡಲಿಯ ಪೆಟ್ಟು ಕಾಣದ ಮರಗಳು, ಅವಕ್ಕೆ ತೆಕ್ಕೆಹಾಯ್ದ ಬಳ್ಳಿಗಳು, ಮೊಣಕಾಲುದ್ದದ ತರಗೆಲೆ ಎಲ್ಲವೂ ದೇವರ ಆಸ್ತಿಯಾಗಿ ಉಳಿದಿದ್ದುವು. ಈಗ ಭಕ್ತಿ ಹೆಚ್ಚಿದಂತೆಲ್ಲ ಮರಗಳನ್ನುರುಳಿಸಿ, ಕಾಂಕ್ರೀಟು ಸುರಿದು, ಟೈಲ್ಸು ಹಾಸಿ, ಒಂದು ಓತಿಕೇತವೂ ತಲೆಮರೆಸಿಕೊಳ್ಳಲಾಗದಂತಹ ಗುಡಿಯನ್ನು ಕಟ್ಟಿ ಅದಕ್ಕೂ ನಾಗಬನವೆಂದೇ ಹೆಸರಿಡುತ್ತಿದ್ದಾರೆ.

ನನ್ನ ಆಕ್ಷೇಪವಿರುವುದು ಬೇರೆಡೆ. ಹೆಡೆಯುಳ್ಳ ಹಾವೊಂದಕ್ಕೆ ಸಲ್ಲಬೇಕಾದ ಭಕ್ತಿಯನ್ನೂ ಭಯವನ್ನೂ ಧಾರಾಳವಾಗಿ ಸಲ್ಲಿಸಿದ ಮೇಲೆ, ಉಳಿದ ಹಾವುಗಳನ್ನು ಕಣ್ಣೆತ್ತಿ ನೋಡುವ ವ್ಯವಧಾನವೇ ನಮಗೆ ಇಲ್ಲವಾಗಿದೆ. ದಾರಿಯಲ್ಲಿ ಸತ್ತುಬಿದ್ದ ನಾಗರಹಾವಿಗೆ ವಿಧ್ಯುಕ್ತವಾಗಿ ಸಂಸ್ಕಾರ ಮಾಡುವ ಊರಿನಲ್ಲಿಯೇ, ಇಲಿಯನ್ನು ಹುಡುಕಿಕೊಂಡು ಕಣಕ್ಕೆ ಬಂದ ಕೇರೆಹಾವನ್ನು ಅಟ್ಟಿಸಿಕೊಂಡು ಹೋಗಿ ಬಡಿದು ಬೇಲಿಗೆ ನೇತುಹಾಕುತ್ತಾರೆ. ಕೇರೆಗೆ ವಿಷವಿಲ್ಲ, ರೈತನ ಪಾಲಿಗೆ ಸಂಬಳವಿಲ್ಲದ ಕಾವಲುಗಾರ ಅದು. ಹಸುರುಹಾವು ಕಣ್ಣಿಗೆ ಕುಕ್ಕುತ್ತದೆಂದು ಕೊಲ್ಲುವುದೂ, ಮಣ್ಣುಮುಕ್ಕ ಹಾವಿಗೆ ಎರಡು ತಲೆಯಿದೆ, ಅದರಿಂದ ನಿಧಿ ಸಿಕ್ಕುತ್ತದೆಂದು ಲಕ್ಷಗಟ್ಟಲೆ ಹಣಕ್ಕೆ ಕದ್ದು ಮಾರುವುದೂ ಇದೇ ಅಜ್ಞಾನದ ಬೇರೆ ಬೇರೆ ಶಾಖೆಗಳು. ಇಷ್ಟೆಲ್ಲ ನಿರಪರಾಧಿಗಳನ್ನು ಕೊಂದ ಮೇಲೆ, ನಿಜವಾಗಿ ಎಚ್ಚರದಿಂದಿರಬೇಕಾದ ಹಾವನ್ನು ನಾವು ಹೆಬ್ಬಾವಿನ ಮರಿಯೆಂದು ಭ್ರಮಿಸಿ ಕೈಯಲ್ಲಿ ಎತ್ತಿಕೊಳ್ಳುತ್ತೇವೆ.

ಆ ಹಾವಿನ ಹೆಸರು ಕೊಳಕುಮಂಡಲ. ಕಂದುಬಣ್ಣದ ದುಂಡು ಮಚ್ಚೆಗಳು ಬೆನ್ನುದ್ದಕ್ಕೂ ಸರಪಣಿಯಂತೆ ಪೋಣಿಸಿಕೊಂಡಿರುವ, ಗಿಡ್ಡ ಬಾಲದ, ಸ್ಥೂಲಕಾಯದ ಈ ಹಾವು ನಾಗರದಂತೆ ಹೆಡೆಯೆತ್ತಿ ಎಚ್ಚರಿಸುವುದಿಲ್ಲ, ಕೇರೆಯಂತೆ ಓಡಿಹೋಗುವುದೂ ಇಲ್ಲ. ತರಗೆಲೆಯ ನಡುವೆ, ರಾಗಿಯ ಮೆದೆಯ ಅಡಿಯಲ್ಲಿ, ಅಡಕೆ ಸೋಗೆಯ ರಾಶಿಯಲ್ಲಿ ಅಲುಗದೆ ಬಿದ್ದಿರುತ್ತದೆ. ತೀರ ಸಮೀಪಕ್ಕೆ ಹೋದಾಗ ಕುಕ್ಕರಿನಿಂದ ಆವಿ ಹೊರಬೀಳುವಂತಹ ಸದ್ದು ಮಾಡುವುದುಂಟು. ಕೇಳಿಸುವ ಹೊತ್ತಿಗೆ ಕಾಲು ಮುಂದೆ ಹೋಗಿರುತ್ತದೆ. ಮೊಟ್ಟೆಯಿಡದೆ ಮರಿಗಳನ್ನೇ ಹಾಕುವ ಈ ಜಾತಿಯಲ್ಲಿ ಒಂದು ಸೂಲಿಗೆ ಇಪ್ಪತ್ತು ಮೂವತ್ತು ಮರಿಗಳು ಅಪರೂಪವಲ್ಲ, ಹುಟ್ಟಿದ ಗಳಿಗೆಯಿಂದಲೇ ಅವುಗಳ ಹಲ್ಲಿನಲ್ಲಿ ವಿಷವೂ ಇರುತ್ತದೆ. ಅದರ ವಿಷ ರಕ್ತವನ್ನು ಹೆಪ್ಪುಗಟ್ಟದಂತೆ ಮಾಡಿ, ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಪ್ರಾಣ ಉಳಿದವರಲ್ಲಿಯೂ ಕಾಲು ಕಳೆದುಕೊಂಡವರಿದ್ದಾರೆ, ವರ್ಷಾನುಗಟ್ಟಲೆ ಡಯಾಲಿಸಿಸ್ಸಿಗಾಗಿ ಜಿಲ್ಲಾಕೇಂದ್ರಕ್ಕೆ ಅಲೆಯುವವರಿದ್ದಾರೆ.

ಕೆಲವರು ಕಡಂಬಳವೆಂದು ಕರೆಯುವ ಕಟ್ಟುಹಾವಿನ ರೀತಿಯೇ ಬೇರೆ. ಹೊಳೆಯುವ ಕಪ್ಪು ಮೈಗೆ ತೆಳ್ಳನೆಯ ಬಿಳಿಯ ಪಟ್ಟೆಗಳು. ಹಗಲೆಲ್ಲ ಇಟ್ಟಿಗೆಯ ಸಂದಿಯಲ್ಲೋ ಸೌದೆಯ ರಾಶಿಯಲ್ಲೋ ಮುದುಡಿಕೊಂಡಿದ್ದು ರಾತ್ರಿ ಸಂಚಾರಕ್ಕೆ ಹೊರಡುತ್ತದೆ. ಅದು ಮನೆಯೊಳಕ್ಕೆ ಬರುವುದು ಹಲ್ಲಿಯನ್ನೋ ಇಲಿಯನ್ನೋ ಇನ್ನೊಂದು ಹಾವನ್ನೋ ಅರಸಿಕೊಂಡು. ದಾರಿಯಲ್ಲಿ ಚಾಪೆಯ ಮೇಲೆ ಮಲಗಿದ ಮನುಷ್ಯ ಮಗ್ಗುಲು ಬದಲಿಸಿದಾಗ ಕಚ್ಚುತ್ತದೆ. ಹಲ್ಲು ಚಿಕ್ಕದು, ನೋವು ಇಲ್ಲವೆನ್ನುವಷ್ಟು ಅಲ್ಪ, ಬಾವು ಬರುವುದಿಲ್ಲ. ಕೆಲವು ಗಳಿಗೆಯ ಬಳಿಕ ಹೊಟ್ಟೆನೋವೆಂದು ಏಳುವ ಹುಡುಗನಿಗೆ ಅಜೀರ್ಣವೆಂದು ತಾಯಿ ಓಮದ ನೀರು ಕುಡಿಸುತ್ತಾಳೆ. ರೆಪ್ಪೆ ಜೋತುಬಿದ್ದು ನಾಲಿಗೆ ತೊದಲತೊಡಗಿದಾಗ ನಿದ್ದೆಗಣ್ಣೆಂದು ತಿಳಿಯುತ್ತಾರೆ. ಉಸಿರಾಟದ ಸ್ನಾಯುಗಳು ಸೋಲುವ ಹೊತ್ತಿಗೆ ಬೆಳಗಾಗಿರುತ್ತದೆ. ಈ ಭಯಂಕರವಾದ ಮೃತ್ಯುವನ್ನು ತಡೆಯಬಲ್ಲ ಆಯುಧಗಳು ಅತಿ ಸಾಮಾನ್ಯವಾದುವು: ಒಂದು ಮಂಚ, ಅಂಚುಗಳನ್ನು ಹಾಸಿಗೆಯಡಿಗೆ ಸಿಕ್ಕಿಸಿದ ಒಂದು ಸೊಳ್ಳೆಪರದೆ. ಮಂಚವಿಲ್ಲದ ಮನೆಗಳು ಎಷ್ಟಿವೆಯೋ ಕಟ್ಟುಹಾವಿಗೆ ಅಷ್ಟು ಅವಕಾಶಗಳಿವೆ. ಬಯಲುಸೀಮೆಯ ಕಲ್ಲುನೆಲದಲ್ಲಿ ಹುರುಪೆಗಳನ್ನು ಪರಸ್ಪರ ತಿಕ್ಕಿ ಗರಗರ ಸದ್ದು ಮಾಡುವ ಗರಗಸಮಂಡಲ, ಎಲ್ಲರಿಗೂ ಪರಿಚಿತವಾದ ನಾಗರ, ಇವೆರಡನ್ನು ಸೇರಿಸಿದರೆ ನಮ್ಮವರನ್ನು ಹೆಚ್ಚಾಗಿ ಕೊಲ್ಲುವ ನಾಲ್ಕು ಹಾವುಗಳ ಪಟ್ಟಿ ಪೂರ್ಣವಾಗುತ್ತದೆ.

ಹೀಗೆ ನೋಡುತ್ತ ಹೋದರೆ ಹಾವಿನ ಕಡಿತವೆಂಬುದು ಅರಣ್ಯದ ವಿಷಯವಾಗಿ ಉಳಿಯದೆ ಬರಿಗಾಲು, ಕತ್ತಲೆ ಮತ್ತು ನೆಲದ ಹಾಸಿಗೆಗಳ ವಿಷಯವಾಗಿ ಪರಿಣಮಿಸುತ್ತದೆ. ಕತ್ತಲೆಯ ಮಾತು ಬಂದಾಗ ಪಂಪ್‌ಸೆಟ್ಟಿನ ವಿದ್ಯುತ್ತಿನ ಮಾತನ್ನು ಎತ್ತದೆ ಇರಲಾಗದು. ನಗರದ ಕಾರ್ಖಾನೆಗೂ ನಮ್ಮ ಮನೆಗಳ ತಂಪು ಪೆಟ್ಟಿಗೆಗೂ ಹಗಲಿನ ಕರೆಂಟನ್ನು ಕಾದಿರಿಸಿ, ರೈತನ ತ್ರೀ ಫೇಸ್ ಸರಬರಾಜನ್ನು ನಡುರಾತ್ರಿಗೆ ತಳ್ಳುವ ಪದ್ಧತಿ ಎಷ್ಟೋ ಕಡೆ ರೂಢವಾಗಿದೆ. ರಾತ್ರಿ ಎರಡು ಗಂಟೆಗೆ ಕರೆಂಟು ಬಂದೊಡನೆ ಎದ್ದು, ಒಂದು ಕೈಯಲ್ಲಿ ಮೊಬೈಲಿನ ಬೆಳಕು ಹಿಡಿದು, ಇನ್ನೊಂದರಲ್ಲಿ ಸನಿಕೆ ಹಿಡಿದು, ಕೆಸರಿನಲ್ಲಿ ಬರಿಗಾಲಿನಿಂದ ಮಡೆ ತಿರುಗಿಸುತ್ತ ನಡೆಯುವ ಮನುಷ್ಯನು ಹಾವನ್ನು ತುಳಿದರೆ ಅದು ಆಕಸ್ಮಿಕವೆ? 2023ರ ಅಕ್ಟೋಬರಿನಲ್ಲಿ ವಿಜಯಪುರ ಜಿಲ್ಲೆಯ ರೋಣಿಹಾಳದ ರೈತರು, ರಾತ್ರಿ ನೀರು ಹಾಯಿಸುವಾಗ ಹೊಲದಲ್ಲಿ ಸಿಕ್ಕ ಮೊಸಳೆಯೊಂದನ್ನು ಹಗ್ಗದಿಂದ ಕಟ್ಟಿ, ನೇರವಾಗಿ ವಿದ್ಯುತ್ ಕಚೇರಿಯ ಮುಂದೆ ತಂದಿಳಿಸಿ, ಹಗಲು ಕರೆಂಟು ಕೊಡಿರೆಂದು ಕೇಳಿದರು. ನಗರದ ಓದುಗರು ಅದನ್ನು ವಿನೋದವೆಂದು ಹಂಚಿಕೊಂಡು ನಕ್ಕರು. ನನ್ನ ಅಭಿಪ್ರಾಯದಲ್ಲಿ ಅದು ಆ ವರ್ಷದ ಅತ್ಯಂತ ತರ್ಕಬದ್ಧವಾದ ಅಹವಾಲು. ಮೊಸಳೆಯ ಜಾಗದಲ್ಲಿ ಕೊಳಕುಮಂಡಲವನ್ನು ತಂದಿದ್ದರೆ ಇನ್ನೂ ಸಯುಕ್ತಿಕವಾಗುತ್ತಿತ್ತು, ಆದರೆ ಅದನ್ನು ಕಟ್ಟಿ ತರುವುದು ಸುಲಭವಲ್ಲ.

ಕಚ್ಚಿಸಿಕೊಂಡವನು ಮೊದಲು ಹೋಗುವುದು ನಾಟಿವೈದ್ಯನಲ್ಲಿಗೆ ಅಥವಾ ಮಂತ್ರ ಹಾಕುವವನಲ್ಲಿಗೆ ಎಂದು ವಿದ್ಯಾವಂತರು ಹಳಿಯುವುದುಂಟು. ಮಂತ್ರದವನ ಕೀರ್ತಿಯ ಗುಟ್ಟೂ ನಿಗೂಢವಾದುದಲ್ಲ: ನಮ್ಮ ಸುತ್ತಲಿನ ಹಾವುಗಳಲ್ಲಿ ಬಹುತೇಕ ಜಾತಿಗಳು ನಿರ್ವಿಷವಾದುವು, ವಿಷದ ಹಾವೂ ಪ್ರತಿಸಲ ವಿಷವನ್ನು ಒಳಸೇರಿಸುವುದಿಲ್ಲ, ಆದುದರಿಂದ ಆತನಲ್ಲಿಗೆ ಬಂದವರಲ್ಲಿ ಅನೇಕರು ತಾವಾಗಿಯೇ ಬದುಕುವವರು, ಬದುಕಿದವರು ಆತನ ಹೆಸರು ಹೇಳುತ್ತಾರೆ, ಸತ್ತವರು ಏನೂ ಹೇಳುವುದಿಲ್ಲ. ಆದರೆ ಹಳ್ಳಿಗನಿಗೆ ಇದನ್ನೆಲ್ಲ ಉಪದೇಶಿಸುವ ಮುನ್ನ, ಮಂತ್ರದವನು ನಡುರಾತ್ರಿಯಲ್ಲಿಯೂ ಬಾಗಿಲು ತೆರೆಯುತ್ತಾನೆ, ಸಮೀಪದ ಸರ್ಕಾರಿ ಆಸ್ಪತ್ರೆ ತೆರೆಯುವುದಿಲ್ಲ ಎಂಬುದನ್ನೂ ಒಪ್ಪಿಕೊಳ್ಳುವುದು ನ್ಯಾಯ. ತೆರೆದಿದ್ದರೂ ‘ದೊಡ್ಡಾಸ್ಪತ್ರೆಗೆ ಕರಕೊಂಡು ಹೋಗಿ’ ಎಂಬ ಒಂದು ಚೀಟಿ ದೊರೆಯುವುದೇ ಹೆಚ್ಚು. ಕಚ್ಚಿದ ಜಾಗವನ್ನು ಕೊಯ್ಯಬಾರದು, ಹೀರಬಾರದು, ಹಗ್ಗದಿಂದ ಬಿಗಿಯಬಾರದು, ಮೂಳೆ ಮುರಿದವನಿಗೆ ಮಾಡುವಂತೆ ಅವಯವವನ್ನು ಅಲುಗಿಸದೆ ಪಟ್ಟಿಗೆ ಆನಿಸಿ ಕಟ್ಟಿ ಕೂಡಲೆ ಸಾಗಿಸಬೇಕು ಎಂಬ ತಿಳಿವಳಿಕೆ ಈಗ ಹಲವರಿಗಿದೆ. ಸಾಗಿಸುವುದು ಎಲ್ಲಿಗೆ ಎಂಬುದೇ ತೊಡಕು. ರಕ್ತ ಹೆಪ್ಪುಗಟ್ಟುವುದೋ ಇಲ್ಲವೋ ಎಂದು ತಿಳಿಯಲು ವೈದ್ಯನಿಗೆ ಬೇಕಾದುದು ಒಂದು ಸ್ವಚ್ಛವಾದ ಗಾಜಿನ ನಳಿಗೆ ಮತ್ತು ಇಪ್ಪತ್ತು ನಿಮಿಷದ ಸಹನೆ. ಇದಕ್ಕೆ ಜಿಲ್ಲಾಕೇಂದ್ರ ಬೇಕಿಲ್ಲ.

ಪ್ರತಿವಿಷದ ಕಥೆಯೂ ಸ್ವಾರಸ್ಯವಾದುದು. ನಾಲ್ಕು ಹಾವುಗಳ ವಿಷವನ್ನು ಅಲ್ಪಾಲ್ಪವಾಗಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿರೋಧವನ್ನು ಬೇರ್ಪಡಿಸಿ ಸೀಸೆಗೆ ತುಂಬುತ್ತಾರೆ. ಇದಕ್ಕೆ ಬೇಕಾದ ವಿಷದ ಬಹುಭಾಗವನ್ನು ಒದಗಿಸುತ್ತ ಬಂದಿರುವುದು ತಮಿಳುನಾಡಿನ ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘ. ಹಾವಿನ ಚರ್ಮದ ವ್ಯಾಪಾರ ನಿಂತಮೇಲೆ ಕೆಲಸವಿಲ್ಲದಾದವರ ಕುಶಲತೆಯನ್ನು ಹಾಳುಗೆಡವದೆ 1978ರಲ್ಲಿ ಉರಗತಜ್ಞ ರೋಮುಲಸ್ ವಿಟೇಕರರ ಪ್ರಯತ್ನದಿಂದ ಅದು ಹುಟ್ಟಿಕೊಂಡಿತು. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆಯ ಹೆಸರಿನಲ್ಲಿ ಹಾವಾಡಿಗರ ಬುಟ್ಟಿಯನ್ನು ಕಸಿದುಕೊಂಡೆವು, ಕಸಿದುದು ಸರಿಯೇ, ಆದರೆ ಅವರ ಕೈಚಳಕಕ್ಕೆ ಅಂಥದೊಂದು ಗೌರವದ ಉದ್ಯೋಗವನ್ನು ಕಲ್ಪಿಸಲಿಲ್ಲ. ಇನ್ನು, ಒಂದೇ ಜಾತಿಯ ಹಾವಿನ ವಿಷವೂ ಸೀಮೆಯಿಂದ ಸೀಮೆಗೆ ವ್ಯತ್ಯಾಸವಾಗುವುದರಿಂದ, ಒಂದೆಡೆಯ ವಿಷದಿಂದ ಮಾಡಿದ ಔಷಧ ಇನ್ನೊಂದೆಡೆ ಅಷ್ಟು ಫಲಕಾರಿಯಾಗದೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಮಲೆನಾಡಿನ ತೋಟಗಳಲ್ಲಿ ಕೂಲಿಯವರ ಕೈಗೆ ಕಚ್ಚುವ, ಮೇಲ್ಮೂತಿಯ ಗುಳಿಮಂಡಲಕ್ಕಂತೂ ಈ ಸೀಸೆಯಲ್ಲಿ ಮದ್ದಿಲ್ಲ.

ನಡುವೆ ಇನ್ನೊಂದು ಹೊಸ ಪಿಡುಗು ಬೆಳೆದಿದೆ. ಊರಿಗೊಬ್ಬನಂತೆ ಉರಗಪ್ರೇಮಿಗಳು ಹುಟ್ಟಿರುವುದು ಒಳ್ಳೆಯದೇ. ಹೊಡೆದು ಕೊಲ್ಲುತ್ತಿದ್ದ ಜನ ಈಗ ಫೋನು ಮಾಡುತ್ತಾರೆಂಬುದು ಸಣ್ಣ ಸಾಧನೆಯಲ್ಲ. ಆದರೆ ಅವರಲ್ಲಿ ಕೆಲವರು ಹಿಡಿದ ನಾಗರವನ್ನು ಚೀಲಕ್ಕೆ ಹಾಕುವ ಬದಲು ಬಾಲ ಹಿಡಿದು ತೂಗಿ, ಹೆಡೆಗೆ ಮುತ್ತಿಕ್ಕಿ, ಮೊಬೈಲಿಗೆ ಮುಖ ತೋರಿಸಿ ನಿಲ್ಲುವುದನ್ನು ಕಂಡಾಗ, ಹಾವಾಡಿಗನೇ ಪ್ಯಾಂಟು ತೊಟ್ಟು ಮರಳಿ ಬಂದನೆಂದು ತೋರುತ್ತದೆ. ಆ ಆಟದಲ್ಲಿ ಪ್ರಾಣ ತೆತ್ತವರೂ ಇದ್ದಾರೆ. ಹಿಡಿದ ಹಾವನ್ನು ಹತ್ತಾರು ಮೈಲಿ ದೂರದ ಕಾಡಿನಲ್ಲಿ ಬಿಡುವುದೂ ಉಪಕಾರವಲ್ಲ. ಕಾಳಿಂಗಸರ್ಪಗಳ ಮೈಯೊಳಗೆ ರೇಡಿಯೋ ಉಪಕರಣವಿರಿಸಿ ಆಗುಂಬೆಯಲ್ಲಿ ನಡೆಸಿದ ಅಧ್ಯಯನದಲ್ಲಿ, ಅಪರಿಚಿತ ಸ್ಥಳಕ್ಕೆ ಒಯ್ದು ಬಿಟ್ಟ ಹಾವು ನೆಲೆಗಾಣದೆ ಬಹುದೂರ ಅಲೆಯುವುದು ಕಂಡುಬಂದಿತು. ಹಿತ್ತಲಿನ ಹಾವನ್ನು ಸಾಗಿಸಿದರೂ ಹಿತ್ತಲಿನ ಇಲಿ ಹಾಗೆಯೇ ಇದ್ದರೆ, ತೆರವಾದ ಜಾಗಕ್ಕೆ ಇನ್ನೊಂದು ಹಾವು ಬಂದೇ ಬರುತ್ತದೆ.

2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಹಾವಿನ ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಅದರಂತೆ ಸರ್ಕಾರಿ ಆಸ್ಪತ್ರೆಯಾಗಲಿ ಖಾಸಗಿ ಆಸ್ಪತ್ರೆಯಾಗಲಿ ಪ್ರತಿಯೊಂದು ಪ್ರಕರಣವನ್ನೂ ವರದಿಮಾಡತಕ್ಕದ್ದು. ಮುಂದಿನ ತಿಂಗಳೇ ಕೇಂದ್ರ ಸರ್ಕಾರ, 2030ರ ಹೊತ್ತಿಗೆ ಸಾವುಗಳನ್ನು ಅರ್ಧಕ್ಕಿಳಿಸುವ ಗುರಿಯುಳ್ಳ ಕಾರ್ಯಯೋಜನೆಯೊಂದನ್ನು ಪ್ರಕಟಿಸಿತು. ಎರಡನ್ನೂ ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ, ಏಕೆಂದರೆ ಎಣಿಸದೆ ಇರುವ ಸಾವಿಗೆ ಆಯವ್ಯಯದಲ್ಲಿ ಹಣ ತೆಗೆದಿರಿಸುವವರಿಲ್ಲ. ಆದರೆ ಘೋಷಣೆ ವಿಧಾನಸೌಧದಿಂದ ಹೊರಟು ಹೋಬಳಿಯ ಆರೋಗ್ಯ ಕೇಂದ್ರವನ್ನು ತಲಪುವ ವೇಗವನ್ನು ಬಲ್ಲವರು, ಕಾಯುತ್ತ ಕುಳಿತಿರಲಾರರು. ಬರುವ ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪಗಳ ಮಾತು ಮುಗಿದ ಬಳಿಕ ಯಾರಾದರೂ ಎದ್ದುನಿಂತು ವೈದ್ಯಾಧಿಕಾರಿಗಳನ್ನು ಕೇಳತಕ್ಕ ಪ್ರಶ್ನೆಗಳು ಮೂರುಂಟು: ನಮ್ಮ ಆಸ್ಪತ್ರೆಯಲ್ಲಿ ಈ ದಿನ ಪ್ರತಿವಿಷದ ಸೀಸೆಗಳು ಎಷ್ಟಿವೆ, ಅವುಗಳ ಅವಧಿ ಮುಗಿಯುವುದು ಯಾವ ತಿಂಗಳಿನಲ್ಲಿ, ಮತ್ತು ರಾತ್ರಿ ಎರಡು ಗಂಟೆಗೆ ಆ ಕಪಾಟಿನ ಬೀಗದ ಕೈ ಯಾರ ಬಳಿಯಲ್ಲಿರುತ್ತದೆ?