ಬೀಗ ಯಾರಿಗೆ, ಕೀಲಿ ಯಾರ ಕೈಯಲ್ಲಿ?

ಹೋದ ತಿಂಗಳ ಮಾತು. ರಾಜಗೋಪಾಲನಗರದಲ್ಲಿ ನನ್ನ ಪ್ರೆಸ್ಸಿನ ಎದುರಿನ ಟೀ ಅಂಗಡಿಯಲ್ಲಿ ನಿಂತಿದ್ದೆ. ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಹೆಗಲ ಮೇಲೆ ಹಳದಿ-ಕೆಂಪು ಶಾಲು ಹಾಕಿಕೊಂಡು ಬಂದ. 'ಅಣ್ಣಾ, ನೀವು ಪ್ರಿಂಟ್ ಮಾಡಿದ ಕಾದಂಬರಿ ನಮ್ ಗ್ರೂಪಿಗೆ ಫ್ರೀಯಾಗಿ ಬಂದಿದೆ!' ಅಂದ. ಖುಷಿಯಿಂದಲೇ ಅಂದ, ಪಾಪ. ಮೊಬೈಲ್ ಇಸಕೊಂಡು ನೋಡಿದೆ. ನಮ್ಮದೇ ಪುಸ್ತಕ. ಅಚ್ಚಾಗಿ ಹನ್ನೆರಡು ದಿನವೂ ಆಗಿರಲಿಲ್ಲ. ಪುಟ ಒತ್ತಿ ಹಿಡಿದ ಕಳ್ಳನ ಹೆಬ್ಬೆರಳೂ ಪಿ.ಡಿ.ಎಫ್.ನಲ್ಲಿ ಬಂದಿತ್ತು!

ಆ ಹೆಬ್ಬೆರಳನ್ನು ನೆನಪಿಡಿ, ಹುಡುಗರೇ.

ಪ್ರಕಾಶಕರಿಗೆ ಫೋನ್ ಮಾಡಿದೆ. 'ಅದಕ್ಕೇ ಕಣ್ರೀ, ಇ-ಪುಸ್ತಕ ಮಾಡಿದರೆ ಡಿ.ಆರ್.ಎಂ. ಹಾಕಿಸಿಯೇ ಮಾಡೋದು' ಎಂದರು. ಡಿ.ಆರ್.ಎಂ. ಎಂದರೆ ಡಿಜಿಟಲ್ ಬೀಗ. ನೀವು ಕಾಸು ಕೊಟ್ಟು ಕೊಂಡ ಪುಸ್ತಕ ಆ ಕಂಪನಿಯ ಆ್ಯಪಿನಲ್ಲಿ, ನಿಮ್ಮ ಖಾತೆಯಲ್ಲಿ ಮಾತ್ರ ತೆರೆಯುತ್ತದೆ. ತಂಗಿಗೆ ಓದಲು ಕೊಡುವ ಹಾಗಿಲ್ಲ, ಬೇರೆ ಕಡೆ ಇಟ್ಟುಕೊಳ್ಳುವ ಹಾಗಿಲ್ಲ. ಸರಿ ಸ್ವಾಮಿ, ಹೆಬ್ಬೆರಳಿನವನು ಯಾವ ಬೀಗ ಒಡೆದ? ಅಂಗಡಿಯಲ್ಲಿ ಒಂದು ಪ್ರತಿ ಕೊಂಡ, ಕೂತು ಪುಟಪುಟವೂ ಫೋಟೋ ಹೊಡೆದ. ಕಳ್ಳ ಬಂದದ್ದು ಕಾಗದದ ಬಾಗಿಲಿನಿಂದ. ನೀವು ಬೀಗ ಜಡಿಯುತ್ತಿರುವುದು ಕಾಸು ಕೊಟ್ಟವನ ಕೈಗೆ!

ಪ್ರೆಸ್ಸಿನವನಿಗೆ ಇ-ಪುಸ್ತಕದ ಉಸಾಬರಿ ಯಾಕೆ ಎನ್ನಬಹುದು. ಅದು ಬೆಳೆದರೆ ನನ್ನ ಹೊಟ್ಟೆಗೇ ಕಲ್ಲು, ಒಪ್ಪಿದೆ. ಆದರೆ ಈ ಬೀಗದ ರುಚಿಯನ್ನು ನಿಮಗಿಂತ ಮೊದಲೇ ಕಂಡವನು ನಾನು. 2005ರಲ್ಲಿ ಸಾಲ ಮಾಡಿ ಕನ್ನಡ ಅಕ್ಷರಗಳ ಸಾಫ್ಟ್‌ವೇರ್ ಕೊಂಡೆ. ಅದರ ಜೊತೆ ಹೆಬ್ಬೆರಳು ಗಾತ್ರದ ಡಾಂಗಲ್. ಕಂಪ್ಯೂಟರಿನ ಬೆನ್ನಿಗೆ ಅದನ್ನು ಚುಚ್ಚಿದರೆ ಕನ್ನಡ ಮೂಡುತ್ತದೆ, ಕಿತ್ತರೆ ಇಲ್ಲ. ಒಂದು ಮಳೆಗಾಲದ ರಾತ್ರಿ ಕರೆಂಟು ಏರಿಳಿದು ಡಾಂಗಲ್ ಸುಟ್ಟಿತು. ಕಂಪನಿಯವರನ್ನು ಕೇಳಿದರೆ, 'ಆ ವರ್ಷನ್ ಈಗ ಇಲ್ಲ, ಹೊಸದು ಕೊಳ್ಳಿ' ಎಂದರು. ಎರಡನೇ ಮುದ್ರಣಕ್ಕೆ ಹೊರಟಿದ್ದ ಪುಸ್ತಕದಲ್ಲಿ ಒಂದು ಒತ್ತಕ್ಷರ ತಿದ್ದಲಾಗದೆ ಹದಿನೈದು ದಿನ ಕೈಕಟ್ಟಿ ಕೂತೆ. ಅದೇ ಸಾಫ್ಟ್‌ವೇರಿನ ಕದ್ದ ಸಿ.ಡಿ. ಹಾಕಿಕೊಂಡಿದ್ದ ಪಕ್ಕದ ಬೀದಿಯವನು ಆರಾಮಾಗಿ ಕೆಲಸ ಮಾಡುತ್ತಿದ್ದ. ಅವನಿಗೆ ಡಾಂಗಲ್ಲೇ ಇರಲಿಲ್ಲವಲ್ಲ!

ಈಗ ಕೀಲಿಯ ಮಾತಿಗೆ ಬನ್ನಿ. 2009ರಲ್ಲಿ ಅಮೆಜಾನ್ ತನ್ನ ಗ್ರಾಹಕರ ಕಿಂಡಲ್‌ಗಳೊಳಗೆ ಕೈಹಾಕಿ, ಅವರು ಕೊಂಡಿದ್ದ ಪುಸ್ತಕವನ್ನು ಹೇಳದೆ ಕೇಳದೆ ಅಳಿಸಿತು. ಅಲ್ಲಿ ಮಾರಿದವನಿಗೆ ಹಕ್ಕು ಇರಲಿಲ್ಲವಂತೆ; ದುಡ್ಡು ವಾಪಸ್ ಕೊಟ್ಟರು. ಪುಸ್ತಕ ಯಾವುದು ಗೊತ್ತೇ? ಜನರ ಮನೆಯೊಳಗೇ ಸರ್ಕಾರ ಕಣ್ಣಿಡುವ ಕಥೆ, ಜಾರ್ಜ್ ಆರ್ವೆಲ್‌ನ '1984'! 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿತು. ದುಡ್ಡು ಮರಳಿತು, ಕೊಂಡವರ ಪುಸ್ತಕಗಳು ಹೋದವು. ಇದು ಇಂಗ್ಲಿಷಿನ ಪಾಡು. ನಮ್ಮದು? 2016ರ ಡಿಸೆಂಬರಿನಲ್ಲಿ ಅಮೆಜಾನ್ ಕಿಂಡಲ್‌ಗೆ ಭಾರತದ ಐದು ಭಾಷೆಗಳ ಪುಸ್ತಕ ತಂದಿತು: ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ಕನ್ನಡವನ್ನು ಹೊರಗೇ ನಿಲ್ಲಿಸಿತು. ಬಾಗಿಲಲ್ಲೇ ತಡೆದವರ ಕೈಗೆ ನಮ್ಮ ಕಪಾಟಿನ ಕೀಲಿಯನ್ನೂ ಕೊಡಬೇಕೇ? ಕನ್ನಡದವರೇ 2020ರಲ್ಲಿ ಮೈಲ್ಯಾಂಗ್ ಆ್ಯಪ್ ಕಟ್ಟಿದರು, ಸಂತೋಷ. ಆದರೆ ನಮ್ಮವರದಾದರೂ ಅಂಗಡಿ ಅಂಗಡಿಯೇ. ಒಂದು ದಿನ ಮುಚ್ಚಿದರೆ ಕೊಂಡವನ ಬಳಿ ಏನುಳಿಯಬೇಕು ಎಂದು ಈಗಲೇ ಕೇಳಬೇಕು.

ಕಾನೂನೂ ಬೀಗದ ಬೆನ್ನಿಗಿದೆ. 2012ರ ತಿದ್ದುಪಡಿಯಲ್ಲಿ ಕಾಪಿರೈಟ್ ಕಾಯ್ದೆಗೆ 65ಎ ಕಲಂ ಬಂತು. ಹಕ್ಕು ಕದಿಯುವ ಉದ್ದೇಶದಿಂದ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು. ಕಾಯ್ದೆ ಒಪ್ಪುವ ಕೆಲಸಕ್ಕೆ ತೆರೆದರೆ ತಪ್ಪಲ್ಲ ಎಂದೂ ಅದರಲ್ಲೇ ಇದೆ. ಆದರೆ ತೆರೆಯುವುದು ಹೇಗೆ? ಕಣ್ಣು ಕಾಣದ ಓದುಗನೊಬ್ಬ ಪುಸ್ತಕವನ್ನು ಮೊಬೈಲಿನಿಂದ ಗಟ್ಟಿಯಾಗಿ ಓದಿಸಿಕೊಳ್ಳಲು ಹೋಗಿ ಬೀಗಕ್ಕೆ ಡಿಕ್ಕಿ ಹೊಡೆದರೆ, ಕಲಂ ಬಂದು ಕೀಲಿ ತಿರುಗಿಸುತ್ತದೆಯೇ?

ಪ್ರಕಾಶಕರೇ, ಬೇರೆ ದಾರಿ ಇದೆ. 2012ರಲ್ಲಿ ಹ್ಯಾರಿ ಪಾಟರ್ ಪುಸ್ತಕಗಳನ್ನು ಅವರದೇ ಅಂತರ್ಜಾಲ ಅಂಗಡಿಯಲ್ಲಿ ಮಾರಿದಾಗ ಬೀಗ ಹಾಕಲಿಲ್ಲ. ಯಾರು ಕೊಂಡರೆಂಬ ಗುರುತನ್ನು ಪ್ರತಿಯೊಳಗೆ ಸೇರಿಸಿದರು. ನೀವೂ ಕೊಂಡವನ ಹೆಸರನ್ನು ಪ್ರತಿಯೊಳಗೆ ಅಚ್ಚೊತ್ತಿ. ತನ್ನ ಹೆಸರಿರುವ ಪುಸ್ತಕವನ್ನು ಐನೂರು ಜನರ ಗ್ರೂಪಿಗೆ ಎಸೆಯಲು ಎಂಥವನಿಗೂ ಕೈ ನಡುಗುತ್ತದೆ. ಹೆಬ್ಬೆರಳಿನವನನ್ನು ಇದೂ ತಡೆಯುವುದಿಲ್ಲ ಅನ್ನಿ. ಅವನ ಮಾಲು ಬೇಡವಾಗಬೇಕಾದರೆ ಬೆಲೆ ಇಳಿಸಿ, ಪುಸ್ತಕ ಬಿಡುಗಡೆಯಾದ ದಿನವೇ ಇ-ಪ್ರತಿಯನ್ನೂ ಮಾರಿ.

ಇನ್ನು ನೀವು, ಶಾಲಿನ ಹುಡುಗರೇ. ಅಂಗಡಿ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ರಸ್ತೆಗೆ ಇಳಿಯುತ್ತೀರಿ. ನಾನೂ ನಿಮ್ಮ ಜೊತೆ ನಿಂತಿದ್ದೇನೆ, ನಿಮ್ಮ ಕರಪತ್ರಗಳನ್ನು ಬರೀ ಕಾಗದದ ದುಡ್ಡಿಗೆ ಹೊಡೆದುಕೊಟ್ಟಿದ್ದೇನೆ. ಆ ಕಾದಂಬರಿ ಬರೆದವರು ಮೂರು ವರ್ಷ ಕೂತು ಬರೆದಿದ್ದಾರೆ. ನಾವು ಹಾಕಿದ್ದು ಐನೂರೇ ಪ್ರತಿ, ಅದರಲ್ಲಿ ಅರ್ಧ ಇನ್ನೂ ಪ್ರಕಾಶಕರ ಮನೆಯ ಮಂಚದ ಕೆಳಗಿವೆ. ನೀವು ಒತ್ತಿದ ಒಂದೊಂದು ಫಾರ್ವರ್ಡೂ ಬೀಗ ಮಾರುವ ಕಂಪನಿಗೆ ಪುಕ್ಕಟೆ ಜಾಹೀರಾತು. 'ನೋಡಿ, ಕನ್ನಡದವರು ಕದಿಯುತ್ತಾರೆ' ಎಂದು ಪ್ರಕಾಶಕರನ್ನು ಹೆದರಿಸಲು ಅವರಿಗೆ ಅಷ್ಟು ಸಾಕು.

ಮುಂದಿನ ವಾರ ಆ ಪ್ರಕಾಶಕರು ಇನ್ನೊಂದು ಪುಸ್ತಕದ ಪ್ರೂಫ್ ನೋಡಲು ಪ್ರೆಸ್ಸಿಗೆ ಬರುತ್ತಾರೆ. ಬೀಗ ಬೇಡವೆಂದು ಅವರ ಜೊತೆ ಜಗಳ ಆಡುವುದು ನನಗಿರಲಿ. ಅಷ್ಟರೊಳಗೆ ನಿಮ್ಮ ಗ್ರೂಪಿನಿಂದ ಆ ಹೆಬ್ಬೆರಳನ್ನು ಅಳಿಸಿಹಾಕಿ.