ಸಿಸ್ಟರಿಗೆ ಬಡಿದರೆ ಔಷಧ ಸರಿಯಾಗುವುದಿಲ್ಲ

ನಮ್ಮೂರ ಕಟ್ಟೆಯ ಮೇಲೆ ಒಂದು ಮಾತು ಬಹಳ ಸಲೀಸಾಗಿ ಓಡಾಡುತ್ತದೆ. ದವಾಖಾನಿಯೊಳಗೆ ಯಾರಿಗಾದರೂ ಔಷಧ ಅದಲುಬದಲಾಯಿತು ಅಂದರೆ ಸಾಕು, "ಆ ಸಿಸ್ಟರನ್ನ ಹಿಡದು ಬಡೀರಿ, ನೌಕರಿಯಿಂದ ತಗೀರಿ" ಅಂತಾರ. ಬಡಿದವರು ಮನೆಗೆ ಬರುತ್ತಾರೆ, ಸಿಸ್ಟರ್ ಅಳುತ್ತ ಹೋಗುತ್ತಾಳೆ, ಮರುದಿನ ಆಕೆಯ ಜಾಗಕ್ಕೆ ಇನ್ನೊಬ್ಬಾಕೆ ಬರುತ್ತಾಳೆ. ಮೇಜು ಅದೇ, ಬಾಟಲಿ ಅವೇ, ಡಾಕ್ಟರರ ಗೀಚು ಅಕ್ಷರ ಅದೇ. ತಪ್ಪು ಎಲ್ಲಿ ಹೋತು? ಎಲ್ಲಿಗೂ ಹೋಗಿಲ್ಲ, ಅಲ್ಲೇ ಕುಂತಿದೆ. ಬಡಿಯಿರಿ ಅನ್ನುವವರ ಜೊತೆ ನನ್ನ ಜಗಳ ಇದೇ.

ನಮ್ಮ ಮಹಾರಾಷ್ಟ್ರದ್ದೇ ಸಂಗತಿ ತಗೊಳ್ರಿ. 2021ರ ಜನವರಿ 31, ಪೋಲಿಯೋ ಹನಿ ಹಾಕುವ ರವಿವಾರ. ಯವತಮಾಳ ಜಿಲ್ಲೆಯ ಒಂದು ಹಳ್ಳಿಯಲ್ಲಿ ಐದು ವರ್ಷದೊಳಗಿನ 12 ಮಕ್ಕಳ ಬಾಯಿಗೆ ಪೋಲಿಯೋ ಹನಿಯ ಬದಲು ಕೈಗೆ ಹಚ್ಚುವ ಸ್ಯಾನಿಟೈಸರ್ ಬಿತ್ತು. ಮಕ್ಕಳನ್ನು ದವಾಖಾನೆಗೆ ಸೇರಿಸಿದರು, ಪುಣ್ಯಕ್ಕೆ ಬದುಕಿದವು. ಮೂರು ಮಂದಿಯ ಮೇಲೆ ಅಮಾನತಿನ ಕ್ರಮ ಆಯಿತು. ಆಗಲಿ. ಆದರೆ ಹನಿ ಹಾಕುವ ಜಾಗದಲ್ಲಿ ಸ್ಯಾನಿಟೈಸರ್ ಕೈಗೆ ಸಿಗುವ ಹಾಗೆ ಇತ್ತಲ್ಲ, ಅದಕ್ಕೆ ಅಮಾನತು ಯಾವಾಗ? ಬಾಯಿಗೆ ಹಾಕುವ ಮುಂಚೆ ಬಾಟಲಿ ಮೇಲಿನ ಹೆಸರು ಗಟ್ಟಿಯಾಗಿ ಓದುವ ರೂಢಿ ಇದ್ದಿದ್ದರೆ ಒಂದು ಮಗುವಿನ ಬಾಯಿಗೂ ಅದು ಹೋಗುತ್ತಿರಲಿಲ್ಲ.

ನಾವು ಒಕ್ಕಲಿಗರು. ಕಬ್ಬಿಗೆ ಕಳೆನಾಶಕ ಹೊಡೆಯುವ ಪಂಪು ಬೇರೆ, ಮೆಣಸಿನಗಿಡಕ್ಕೆ ಹುಳದ ಔಷಧ ಹೊಡೆಯುವ ಪಂಪು ಬೇರೆ ಇಡುತ್ತೇವೆ. ಯಾಕೆ? ತೊಳೆದರೂ ತಳದಲ್ಲಿ ಉಳಿದ ಹನಿ ಗಿಡ ಸುಡುತ್ತದೆ. ಆಳು ಶಾಣ್ಯಾ ಇದ್ದಾನೆ, ಮರೆಯುವುದಿಲ್ಲ ಅಂತ ನಾವು ನಂಬಿ ಕೂಡುವುದಿಲ್ಲ, ಪಂಪೇ ಬೇರೆ ಮಾಡುತ್ತೇವೆ. ಗಿಡಕ್ಕೆ ಇರುವ ಈ ಬುದ್ಧಿ ಮನುಷ್ಯರ ಜೀವಕ್ಕೆ ಬ್ಯಾಡೇನು?

ನರ್ಸಿಂಗ್ ಸಾಲಿಯಲ್ಲಿ ಐದು 'ಸರಿ' ಕಲಿಸುತ್ತಾರೆ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಹೊತ್ತು. ದಾರಿ ಅಂದರೆ ಬಾಯಿಗೋ, ಖಂಡಕ್ಕೋ, ರಕ್ತನಾಳಕ್ಕೋ ಅಂತ. ಪಾಠ ಚೆನ್ನಾಗಿಯೇ ಇದೆ. ಪಾಲಿಸಲಿಕ್ಕೆ ಹೊತ್ತು ಬೇಕಲ್ಲ? ಸಾಮಾನ್ಯ ದವಾಖಾನೆಯಲ್ಲಿ ಐದು ರೋಗಿಗೆ ಒಬ್ಬ ನರ್ಸ್, ಕಲಿಸುವ ದೊಡ್ಡ ದವಾಖಾನೆಯಲ್ಲಿ ಮೂರು ರೋಗಿಗೆ ಒಬ್ಬರು ಅಂತ ಭಾರತೀಯ ನರ್ಸಿಂಗ್ ಪರಿಷತ್ತಿನ ಲೆಕ್ಕ. ನಮ್ಮ ಭಾಗದ ಒಂದು ದವಾಖಾನೆಯಲ್ಲಿ ನಾನು ರಾತ್ರಿಯೆಲ್ಲ ಕುಂತು ನೋಡಿದ್ದೇನೆ, ಇಡೀ ವಾರ್ಡಿಗೆ ಒಬ್ಬಾಕೆ. ಒಂದು ಕಡೆ ಸಲಾಯಿನ್ ಮುಗಿದಿದೆ, ಇನ್ನೊಂದು ಕಡೆ ಮುದುಕ ಕೂಗುತ್ತಾನೆ, ಮತ್ತೊಂದು ಕಡೆ ನಮ್ಮಂಥ ಸಂಬಂಧಿಕರು ಜಗಳ ತೆಗೆದಿದ್ದಾರೆ. ಒಬ್ಬ ಆಳಿಗೆ ಹತ್ತು ಎಕರೆ ಕಳೆ ತೆಗಿ ಅಂತ ಹೇಳಿ, ಒಂದು ಸಸಿ ಕಿತ್ತುಬಂದರೆ ಬಡಿಯುವುದು ಯಾವ ನ್ಯಾಯ?

ಇನ್ನು ಹೆಸರಿನ ಮಾತು. ನಮ್ಮ ಕಡೆ ವಾರ್ಡಿನಲ್ಲಿ "ಪಾಟೀಲ" ಅಂತ ಕೂಗಿದರೆ ನಾಲ್ಕು ಮಂದಿ ಓ ಅಂತಾರ. "ನೀವು ಪಾಟೀಲ ಹೌದಲ್ರಿ?" ಅಂದರೆ ಕಿವಿ ಮಂದ ಇದ್ದ ಮುದುಕ ಎಲ್ಲದಕ್ಕೂ ಹೂಂ ಅಂತಾನ. ಹಾಗೆ ಕೇಳಬಾರದು. "ನಿಮ್ಮ ಪೂರಾ ಹೆಸರೇನ್ರಿ?" ಅಂತ ಕೇಳಿ ರೋಗಿಯ ಬಾಯಿಂದಲೇ ಹೇಳಿಸಬೇಕು, ಕಾಗದದ ಮೇಲಿನ ಹೆಸರಿಗೆ ತಾಳೆ ನೋಡಬೇಕು. ಇದಕ್ಕೆ ರೊಕ್ಕ ಹತ್ತುವುದಿಲ್ಲ.

ಡಾಕ್ಟರರಿಗೂ ಒಂದು ಮಾತು. ಔಷಧದ ಮೂಲ ಹೆಸರನ್ನು ಓದಲು ಬರುವ ಹಾಗೆ, ಆದಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅಂತ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ಮಾಡಿದೆ. ಆದರೂ ಚೀಟಿ ನೋಡಿದರೆ ಇರುವೆ ಹರಿದಂತೆ ಇರುತ್ತದೆ. ಇನ್ನು ಕೆಲವರು ಫೋನಿನಲ್ಲಿ ಹೇಳುತ್ತಾರೆ. ಫಿಫ್ಟೀನ್, ಫಿಫ್ಟಿ ಎರಡೂ ಫೋನಿನಾಗ ಒಂದೇ ಕೇಳ್ತಾವ, ಒಂದು ಹದಿನೈದು, ಒಂದು ಐವತ್ತು. ಗೀಗೀ ಪದದಲ್ಲಿ ಮುಂದಿನವನು ಒಂದು ನುಡಿ ಹೇಳಿದರೆ ಹಿಮ್ಮೇಳದವರು ಅದನ್ನೇ ಎತ್ತಿ ಹಾಡುತ್ತಾರೆ, ತಪ್ಪು ಕೇಳಿದ್ದರೆ ಅಲ್ಲೇ ಗೊತ್ತಾಗುತ್ತದೆ. ದವಾಖಾನೆಯಲ್ಲೂ ಹಾಗೇ ಆಗಬೇಕು. ಸಿಸ್ಟರ್ ಮೊದಲು ಬರೆದುಕೊಳ್ಳಬೇಕು, ಬರೆದದ್ದನ್ನು ತಿರುಗಿ ಓದಿ ಹೇಳಬೇಕು, ಡಾಕ್ಟರು ಸಿಟ್ಟಾಗದೆ ಹೌದು ಅನ್ನಬೇಕು.

ಮನೆಯೊಳಗೂ ಈ ಗಂಡಾಂತರ ಇದೆ. ಶುಗರ್ ಇದ್ದವರು ಕೇಳ್ರಿ. ಇನ್ಸುಲಿನ್ 1 ಮಿಲಿಗೆ 40 ಯುನಿಟ್ಟಿನದು ಬರುತ್ತದೆ, 100 ಯುನಿಟ್ಟಿನದೂ ಬರುತ್ತದೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆತನಕ ಎಳೆದರೆ ಮೈಗೆ ಹೋಗುವುದು 20 ಅಲ್ಲ, 50 ಯುನಿಟ್. ಶುಗರ್ ಒಮ್ಮೆಲೇ ಇಳಿದು ಮನುಷ್ಯ ಬೆವತು ಎಚ್ಚರ ತಪ್ಪುತ್ತಾನೆ, ಜೀವಕ್ಕೂ ಕುತ್ತು. ಬಾಟಲಿಯ ಅಂಕಿ, ಸಿರಿಂಜಿನ ಅಂಕಿ ಎರಡೂ ಒಂದೇ ಇರಬೇಕು.

"ಹಂಗಾದರ ಯಾರಿಗೂ ಶಿಕ್ಷೆ ಬ್ಯಾಡೇನು?" ಅಂತ ಕೇಳುವವರು ಇದ್ದಾರೆ. ಕುಡಿದು ಡ್ಯೂಟಿಗೆ ಬಂದವನಿಗೆ, ಆದ ತಪ್ಪು ಮುಚ್ಚಿಟ್ಟವನಿಗೆ ಆಗಲಿ. "ಈ ಔಷಧ ತಪ್ಪಿ ಹೋಗಿದೆ, ಲಗೂನ ನೋಡ್ರಿ" ಅಂತ ತಾನಾಗಿ ಬಂದು ಹೇಳಿದವಳಿಗೆ ಬ್ಯಾಡ. ಆಕೆಗೆ ಬಡಿದರೆ ಮುಂದಿನವಳು ಬಾಯಿ ಬಿಡುವುದಿಲ್ಲ. ತಪ್ಪು ಗೊತ್ತಾದರೆ ಉಪಾಯ ಇರುತ್ತದೆ, ಮುಚ್ಚಿಟ್ಟರೆ ರೋಗಿ ಸಾಯುತ್ತಾನೆ. ಔಷಧದ ತಪ್ಪು ಬರೀ ನಮ್ಮ ಕಡೆಯದಲ್ಲ. ಅದರಿಂದ ಆಗುವ ದೊಡ್ಡ ಹಾನಿಯನ್ನು ಐದು ವರ್ಷದಲ್ಲಿ ಅರ್ಧಕ್ಕೆ ಇಳಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಎಲ್ಲ ದೇಶಗಳಿಗೆ ಕರೆ ಕೊಟ್ಟಿತು. ಶಾಣ್ಯಾ ದೇಶಗಳಲ್ಲೂ ಇದೇ ತಾಪತ್ರಯ ಇದೆ ಅಂದ ಮೇಲೆ ಒಬ್ಬ ಹೆಣ್ಣುಮಗಳಿಗೆ ಬಡಿದು ಮುಗಿಯುವ ಕೆಲಸ ಇದಲ್ಲ.

ನಮ್ಮ ಪಾಲಿನ ಕೆಲಸವೂ ಇದೆ. ನಮ್ಮ ಮನೀ ಮಾತು ಕನ್ನಡ, ಸಾಲೀ ಮಾತು ಮರಾಠಿ, ಗುಳಿಗೀ ಮೇಲಿನ ಮಾತು ಇಂಗ್ಲಿಷ್. ಮಿರಜಿಗೋ ಸಾಂಗಲಿಗೋ ಹೋದಾಗ "ಯಾವ ಗುಳಿಗಿ ತಗೋತೀರಿ?" ಅಂದರೆ "ಬಿಳೇದು, ಸಣ್ಣದು" ಅಂತೇವೆ. ಬಿಳೇ ಸಣ್ಣ ಗುಳಿಗಿ ಸಾವಿರ ಇದ್ದಾವ. 2019ರ ಮಹಾಪೂರದಂಥ ಹೊತ್ತಿನಲ್ಲಿ ಚೀಟಿ ನೀರಿಗೆ ಹೋದರೆ ಡಾಕ್ಟರಾದರೂ ಏನು ಮಾಡಬೇಕು? ಸೂಜಿ ಹಿಡಿದು ಬಂದಾಕೆಗೆ "ಯವ್ವಾ, ಇದು ಯಾತರ ಸೂಜಿ, ಯಾರ ಹೆಸರಿಂದು?" ಅಂತ ಕೇಳಬೇಕು. ಕೇಳುವುದು ಉದ್ಧಟತನ ಅಲ್ಲ. ಆಕೆಗೂ ಅದರಿಂದ ಉಪಕಾರ.

ಮಾಸ್ತರರೇ, ಬಾಯಿಗಳೇ, ನಿಮ್ಮಲ್ಲಿ ಒಂದು ಬೇಡಿಕೆ. ಏಳನೆಯ ಇಯತ್ತೆಯ ಮಕ್ಕಳಿಗೆ ಒಂದು ದಿನದ ಅಭ್ಯಾಸ ಹೀಗೆ ಕೊಡ್ರಿ: ಮನೆಯ ಅಜ್ಜ, ಅಜ್ಜಿ ತಗೊಳ್ಳುವ ಗುಳಿಗೆಯ ಹೆಸರು, ಎಷ್ಟು ಮಿಲಿಗ್ರಾಂ, ಯಾವ ಹೊತ್ತಿಗೆ, ಯಾವ ಔಷಧ ಮೈಗೆ ಒಗ್ಗುವುದಿಲ್ಲ, ಇಷ್ಟನ್ನು ಒಂದು ಕಾಗದದಲ್ಲಿ ಬರೆದು ತರಲಿ. ಗುಳಿಗೆಯ ಹೆಸರು ಇದ್ದ ಹಾಗೆ ಇಂಗ್ಲಿಷಿನಲ್ಲಿ, ಉಳಿದದ್ದು ಮರಾಠಿಯಲ್ಲೂ ಕನ್ನಡದಲ್ಲೂ ಇರಲಿ. ನೀವು ತಿದ್ದಿ ಕೊಡ್ರಿ. ಅಜ್ಜನ ಕಿಸೆಯಲ್ಲಿ, ಅಜ್ಜಿಯ ಎಲೆಅಡಿಕೆ ಚೀಲದಲ್ಲಿ ಆ ಕಾಗದ ಇರಲಿ.